ಮಳೆಗಾಲದಲ್ಲಿ ಫಿಂಚ್ ಮರಿಗಳಿಗೆ ಹುಳ: ಮೀಲ್‌ವರ್ಮ್ ಡಬ್ಬಿ ಎರಡನೇ ಸಲ ಬೂಷ್ಟು ಹಿಡಿಯಿತು, ಏನು ಮಾಡಲಿ?

ಗುಬ್ಬಿಗೂಡು_ತೀರ್ಥಹಳ್ಳಿ · ಜುಲೈ 6

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಆಯಿತು, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಹಿಂದಿನ ಜಗಲಿಗೆ ಜಾಲರಿ ಹೊಡೆಸಿ ಫಿಂಚ್ ಸಾಕಿದ್ದೇನೆ. ಜೀಬ್ರಾ ಮೂರು ಜೊತೆ, ಬೆಂಗಾಲೀಸ್ ಎರಡು ಜೊತೆ. ಇವುಗಳದ್ದು ತಕರಾರಿಲ್ಲ. ನವಣೆ ಹಾಕಿದರೆ ತಿನ್ನುತ್ತವೆ, ಮರಿ ಮಾಡುತ್ತವೆ. ನಾನು ಬೇಡ ಅಂದರೂ ಮಾಡುತ್ತವೆ. ಹೋದ ದೀಪಾವಳಿ ಹೊತ್ತಿಗೆ ಆಸೆಪಟ್ಟು ಒಂದು ಜೊತೆ ಕಾರ್ಡನ್ ಬ್ಲೂ ಅನ್ನುವ ನೀಲಿ ಫಿಂಚ್ ತಂದೆ. ಕಷ್ಟ ಶುರುವಾಗಿದ್ದು ಅಲ್ಲಿಂದ.

ಏಪ್ರಿಲ್‌ನಲ್ಲಿ ನಾಲ್ಕು ಮೊಟ್ಟೆ ಇಟ್ಟವು, ಮೂರು ಮರಿಯಾದವು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಮೂರೂ ನೆಲದ ಮೇಲೆ ಸತ್ತು ಬಿದ್ದಿವೆ. ಇಲಿ ಕೆಲಸ ಅಂದುಕೊಂಡೆ. ಮೇ ಕೊನೆಗೆ ಮತ್ತೆ ಅದೇ ಕಥೆ. ಈ ಸಲ ಕಣ್ಣಾರೆ ನೋಡಿದೆ. ಗಂಡುಹಕ್ಕಿಯೇ ಮರಿಯನ್ನು ಕೊಕ್ಕಲ್ಲಿ ಕಚ್ಚಿ ತಂದು ಹೊರಗೆ ಹಾಕಿತು. ಅವತ್ತು ನನಗೆ ಊಟ ಸೇರಲಿಲ್ಲ.

ಜೀವಂತ ಹುಳ ಕೊಡದಿದ್ದರೆ ಇವು ಹೀಗೆ ಮಾಡುತ್ತವೆ ಅಂತ ಪರಿಚಯದವರೊಬ್ಬರು ಹೇಳಿದರು. ಕೊರಿಯರ್‌ನಲ್ಲಿ 500 ಮೀಲ್‌ವರ್ಮ್ (ಹಿಟ್ಟು, ಬೂಸಾದಲ್ಲಿ ಬೆಳೆಯುವ ಒಂದು ದುಂಬಿಯ ಮರಿಹುಳ) ತರಿಸಿದೆ. ಡಬ್ಬಿ ಒಡೆಯುವಾಗ ಅರ್ಧ ಸತ್ತಿದ್ದವು. ಉಳಿದವನ್ನು ಗೋಧಿ ಬೂಸಾದಲ್ಲಿ ಹಾಕಿ, ಅಮ್ಮನ ಉಪ್ಪಿನಕಾಯಿ ಡಬ್ಬಿಯ ಮುಚ್ಚಳಕ್ಕೆ ನಾಲ್ಕು ತೂತು ಕೊರೆದು, ದಿನಾ ಸೌತೆಕಾಯಿ ಹೋಳು ಹಾಕುತ್ತಿದ್ದೆ. ಜೂನ್‌ನಲ್ಲಿ ಮಳೆ ಹಿಡಿಯಿತು. ಹದಿನೈದೇ ದಿನಕ್ಕೆ ಬೂಸಾಕ್ಕೆ ಬೂಷ್ಟು. ಎಲ್ಲ ಚೆಲ್ಲಿ ಹೊಸ ಬೂಸಾ ಹಾಕಿದೆ. ಈಗ ಅದಕ್ಕೂ ಬೂಷ್ಟು. ಅದರ ಜೊತೆ ಡಬ್ಬಿಯ ಅಂಚಿನಲ್ಲಿ ಕಂದು ಬಣ್ಣದ ಸಣ್ಣ ಪುಡಿ. ಸುಮ್ನೆ ಬೂಸಾ ಧೂಳು ಅಂದುಕೊಂಡು ಕನ್ನಡಕ ಹಾಕಿ ನೋಡಿದರೆ, ಧೂಳು ನಡೆಯುತ್ತಿದೆ!

ಈ ಮಳೆಯಲ್ಲಿ ಹುಳ ಸಾಕೋದು ಸಾಧ್ಯವಾ? ಮಲೆನಾಡಿನವರು ಯಾರಾದರೂ ಮಾಡಿದ್ದೀರಾ?

ಹುಳಪ್ಪ · ಜುಲೈ 6

ಹಕ್ಕಿ ಸಾಕೋಕೆ ಹುಳ ಸಾಕಬೇಕು, ಹುಳ ಸಾಕೋಕೆ ಬೂಸಾ ಸಾಕಬೇಕು, ಬೂಸಾದಲ್ಲಿ ನುಸಿ ತಾನೇ ಸಾಕಿಕೊಳ್ಳುತ್ತದೆ. ಒಟ್ಟಿಗೆ ನಾಲ್ಕು ಸಾಕಣೆ ಆಯ್ತಲ್ಲ ಮಾರಾಯ್ರೆ.

ಭದ್ರಾವತಿ_ಫಿಂಚ್ · ಜುಲೈ 6

ನಡೆಯುವ ಧೂಳು ಅಂದಿರಲ್ಲ, ಅದು ಧಾನ್ಯದ ನುಸಿ. ಹಿಟ್ಟಿನ ಡಬ್ಬಿಯಲ್ಲಿ ಮಳೆಗಾಲದಲ್ಲಿ ಬರುವಂಥದ್ದೇ. ಅದು ಹಕ್ಕಿಯನ್ನು ಕಚ್ಚುವುದಿಲ್ಲ. ಆದರೆ ಹುಳದ ಮೇಲೆ ಮುತ್ತಿಕೊಂಡು, ಬೂಸಾ ತಿಂದು ಹಾಳು ಮಾಡಿ, ಕೊನೆಗೆ ಡಬ್ಬಿಯೇ ಅದರದ್ದಾಗುತ್ತದೆ. ಬೂಷ್ಟು, ನುಸಿ ಎರಡಕ್ಕೂ ಕಾರಣ ಒಂದೇ, ತೇವ. ನಾನು ಹನ್ನೆರಡು ವರ್ಷದಿಂದ ಮೀಲ್‌ವರ್ಮ್ ಇಟ್ಟಿದ್ದೇನೆ, ಮೊದಲ ಮೂರು ಮಳೆಗಾಲ ಮೂರು ಸಲ ಎಲ್ಲ ಚೆಲ್ಲಿದ್ದೇನೆ. ಭದ್ರಾವತಿಯಲ್ಲೇ ಹೀಗಾದರೆ ಆಗುಂಬೆ ದಿಕ್ಕಿನಲ್ಲಿ ಕೇಳಬೇಕಾ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆ.

ನೀವು ಮಾಡಿದ ತಪ್ಪು ಎರಡು. ಒಂದು ಸೌತೆಕಾಯಿ. ಅದು ಬರೀ ನೀರು. ಇನ್ನೊಂದು ಮುಚ್ಚಳ. ನಾಲ್ಕು ತೂತಿನಲ್ಲಿ ಏನೂ ಆರುವುದಿಲ್ಲ. ಮೀಲ್‌ವರ್ಮ್ ನುಣುಪು ಪ್ಲಾಸ್ಟಿಕ್ ಹತ್ತಲಾರದು, ಅದು ಬೆಳೆದು ಆಗುವ ದುಂಬಿಯೂ ಹಾರಿ ಹೋಗುವ ಜಾತಿಯಲ್ಲ. ಹಾಗಾಗಿ ಮುಚ್ಚಳವೇ ಬೇಡ. ಅಗಲವಾದ ಟಬ್ ತಗೊಳ್ಳಿ, ಬೂಸಾ ಎರಡು ಬೆರಳು ದಪ್ಪ ಮಾತ್ರ ಹರಡಿ. ಹಲ್ಲಿ ಬಾರದ ಹಾಗೆ ಮೇಲೆ ಸೊಳ್ಳೆ ಜಾಲರಿ ಬಿಗಿಯಿರಿ. ಹಲ್ಲಿಗೆ ಇದು ಮದುವೆ ಊಟ, ನೆನಪಿರಲಿ.

ಇನ್ನೊಂದು ವಿಷಯ ಹೇಳುತ್ತೇನೆ, ನಂಬೋದು ಕಷ್ಟ. ಗಾಳಿಯಲ್ಲಿ ತೇವಾಂಶ ಶೇ. 88 ದಾಟಿದರೆ ಮೀಲ್‌ವರ್ಮ್ ಗಾಳಿಯಿಂದಲೇ ನೀರು ಹೀರಿಕೊಳ್ಳುತ್ತದೆ. ಬಾಯಿಯಿಂದ ಅಲ್ಲ, ಹಿಂಭಾಗದಿಂದ! ಅದರ ಕರುಳಿನ ಕೊನೆಯ ಭಾಗದ ರಚನೆಯೇ ಹಾಗಿದೆ. ಅಂದರೆ ನಿಮ್ಮೂರಿನ ಜುಲೈ-ಆಗಸ್ಟ್‌ನಲ್ಲಿ ಅದಕ್ಕೆ ತರಕಾರಿ ಹಾಕದಿದ್ದರೂ ಬಾಯಾರಿಕೆಯಿಂದ ಸಾಯುವುದಿಲ್ಲ. ಹಾಕಲೇಬೇಕು ಅನಿಸಿದರೆ ಕ್ಯಾರೆಟ್‌ನ ತೆಳು ಬಿಲ್ಲೆ, ಅದೂ ಬಾಟಲಿ ಮುಚ್ಚಳದ ಮೇಲಿಟ್ಟು. ಬೆಳಿಗ್ಗೆ ಹಾಕಿ ಸಂಜೆ ತೆಗೆಯಿರಿ.

ಈಗಿನ ಡಬ್ಬಿಯನ್ನು ಜರಡಿ ಹಿಡಿದು ಹುಳ ಮಾತ್ರ ಉಳಿಸಿಕೊಳ್ಳಿ. ಬೂಸಾ ಹಿತ್ತಲಲ್ಲಿ ಹೂತುಬಿಡಿ. ಹೊಸ ಬೂಸಾವನ್ನು ದಪ್ಪ ತಳದ ಬಾಣಲೆಯಲ್ಲಿ ಕೈ ಸುಡುವಷ್ಟು ಹುರಿದು, ಪೂರ್ತಿ ಆರಿದ ಮೇಲೆ ಹಾಕಿ. ಅಂಗಡಿಯಿಂದ ಬರುವಾಗಲೇ ಅದರಲ್ಲಿ ನುಸಿ ಇರುತ್ತದೆ.

ಶಿಕಾರಿಪುರದವ · ಜುಲೈ 7

ನನ್ನದು ಸ್ವಲ್ಪ ತಕರಾರು. ಫಿಂಚ್ ಅಂದಕೂಡಲೇ ಎಲ್ಲರೂ ಹುಳ ಹುಳ ಅಂತ ಹೊರಡುತ್ತಾರೆ. ಜೀಬ್ರಾ ಫಿಂಚ್ ಅದರ ಸ್ವಂತ ಊರು ಆಸ್ಟ್ರೇಲಿಯಾದಲ್ಲೇ ಮರಿಗಳಿಗೆ ಹೆಚ್ಚುಕಮ್ಮಿ ಹುಲ್ಲಿನ ಬೀಜವನ್ನೇ ಉಣಿಸುತ್ತದೆ. ಹಾಲುಗಾಳಿನ ಎಳೆ ಬೀಜ ಸಿಕ್ಕರೆ ಅದಕ್ಕೆ ಹಬ್ಬ. ಗೌಲ್ಡಿಯನ್ ಕೂಡ ಹಾಗೇ, ಅದು ಕಾಡುಜೋಳದ ಹುಲ್ಲನ್ನೇ ನಂಬಿಕೊಂಡ ಹಕ್ಕಿ. ಬೆಂಗಾಲೀಸ್ ಅಂತೂ ಕಾಡಿನದ್ದೇ ಅಲ್ಲ, ಜಪಾನಿನಲ್ಲಿ ಪಳಗಿಸಿದ ತಳಿ. ಈ ಮೂರಕ್ಕೂ ನೆನೆಸಿ ಮೊಳಕೆ ತಂದ ನವಣೆ, ರಾಗಿ, ಬೇಯಿಸಿದ ಮೊಟ್ಟೆ, ಒಂದಿಷ್ಟು ನುಗ್ಗೆಸೊಪ್ಪು ಸಾಕೇ ಸಾಕು. ನಾನು ಎಂಟು ವರ್ಷದಿಂದ ಒಂದೂ ಹುಳ ಕೊಟ್ಟಿಲ್ಲ, ಮರಿ ತುಂಬಿ ಹಂಚೋದಕ್ಕೆ ಜನ ಸಿಗ್ತಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಓದುವ ಹೊಸಬರು ಎರಡು ಜೀಬ್ರಾ ತಂದು ನಾಳೆಯೇ ಹುಳಕ್ಕೆ ಆರ್ಡರ್ ಮಾಡಬಾರದು.

ಭದ್ರಾವತಿ_ಫಿಂಚ್ · ಜುಲೈ 7

ಜೀಬ್ರಾ ವಿಷಯ ನೂರಕ್ಕೆ ನೂರು ಒಪ್ಪಿದೆ. ಆದರೆ ಇವರು ಕೇಳಿದ್ದು ಕಾರ್ಡನ್ ಬ್ಲೂ. ಅದು ಆಫ್ರಿಕಾದ ಹಕ್ಕಿ, ಲೆಕ್ಕವೇ ಬೇರೆ. ಮರಿ ಹುಟ್ಟಿದ ಮೊದಲ ವಾರ ಓಡಾಡುವ ಹುಳ ಸಿಗದಿದ್ದರೆ ತಂದೆತಾಯಿಯೇ ಮರಿಯನ್ನು ಎತ್ತಿ ಎಸೆಯುತ್ತವೆ. ಸಾಕಿದವರೆಲ್ಲ ಒಂದಲ್ಲ ಒಂದು ಸಲ ಇದನ್ನು ನೋಡಿರುತ್ತಾರೆ. ಸಿಟ್ಟು ಮಾಡ್ಕೊಂಡು ಪ್ರಯೋಜನ ಇಲ್ಲ.

ಶಿಕಾರಿಪುರದವ · ಜುಲೈ 7

ಹಾಗಾದರೆ ಮಳೆನಾಡಿನಲ್ಲಿ ಕಾರ್ಡನ್ ಬ್ಲೂ ತಂದಿದ್ದೇ ತಪ್ಪು ಅಂತ ಬರೆಯಬೇಕಿತ್ತು ನಾನು 🙂

ಡೇರೆ_ಹೂವು · ಜುಲೈ 8

ನಾನು ಹೊಸನಗರ ಹತ್ತಿರದವಳು. ಫಿಂಚ್ ಇರೋದು ಮಗನದ್ದು, ಕೆಲಸ ನನ್ನದು. ಅವನು ಮಂಗಳೂರಿನಲ್ಲಿ ಓದುತ್ತಿದ್ದಾನೆ.

ನೀವೆಲ್ಲ ಕೊರಿಯರ್ ಹುಳದ ಮಾತೇ ಆಡುತ್ತಿದ್ದೀರಿ. ಮನೆ ಹಿಂದೆ ಒರಲೆ ಇಲ್ಲವಾ ನಿಮಗೆ? ನಮ್ಮ ಅತ್ತೆ ಕೋಳಿ ಪಿಳ್ಳೆಗಳಿಗೆ ಮಾಡುತ್ತಿದ್ದ ಉಪಾಯ ಇದು. ಹಳೇ ಮಡಕೆಯೋ ದೊಡ್ಡ ಕರಟವೋ ತಗೊಳ್ಳಿ. ಒಳಗೆ ಒಣಹುಲ್ಲು, ಸ್ವಲ್ಪ ಒಣ ಸಗಣಿ, ಹರಿದ ರಟ್ಟಿನ ಚೂರು ತುಂಬಿ. ನೀರು ಚಿಮುಕಿಸಿ. ನೆಲದಲ್ಲಿ ಒರಲೆ ಮಣ್ಣಿನ ದಾರಿ ಕಾಣುವ ಕಡೆ ಸಂಜೆ ಕವುಚಿಡಿ, ಮೇಲೊಂದು ಕಲ್ಲು. ಬೆಳಿಗ್ಗೆ ಎತ್ತಿ ಬಿಳಿ ತಟ್ಟೆಗೆ ಕೊಡವಿದರೆ ಒಂದು ಹಿಡಿ ಒರಲೆ. ಮೆತ್ತಗಿನ ಹುಳ, ಫಿಂಚ್ ಬಾಯಿಗೆ ಹೇಳಿ ಮಾಡಿಸಿದ ಅಳತೆ. ತಟ್ಟೆಯನ್ನು ಪಂಜರದೊಳಗೆ ಇಡುವ ಮೊದಲೇ ಹಕ್ಕಿ ಬಂದು ಜಾಲರಿಗೆ ಅಂಟಿಕೊಳ್ಳುತ್ತವೆ.

ಅದನ್ನು ಕೂಡಿಡೋಕೆ ಮಾತ್ರ ಹೋಗಬೇಡಿ. ಅವತ್ತಿನದ್ದು ಅವತ್ತಿಗೆ. ಉಳಿದದ್ದನ್ನು ಕೋಳಿಗೆ ಹಾಕಿ. ಮನೆಯ ಮಾಡು ಮರದ್ದು ಅನ್ನೋದು ಮರೆಯಬೇಡಿ! ಒರಲೆ ಔಷಧಿ ಹೊಡೆದ ಕಡೆಯಿಂದಲೂ ತರಬೇಡಿ. ಹುತ್ತ ಅಗೆಯೋದಂತೂ ಬೇಡ, ನಮ್ಮ ಮನೆಯಲ್ಲಿ ಅದಕ್ಕೆ ಬಿಡುವುದೂ ಇಲ್ಲ.

ತೊಂದರೆ ಏನೆಂದರೆ ಜೋರು ಮಳೆಯಲ್ಲಿ ಮಡಕೆ ಕೆಳಗೆ ನೀರು ನಿಂತು ಒಂದೂ ಬರುವುದಿಲ್ಲ. ಸೂರಿನ ಕೆಳಗೆ, ಸೌದೆ ಕೊಟ್ಟಿಗೆಯ ಪಕ್ಕ ಇಟ್ಟರೆ ಸ್ವಲ್ಪ ಪರವಾಗಿಲ್ಲ.

ಗುಬ್ಬಿಗೂಡು_ತೀರ್ಥಹಳ್ಳಿ · ಜುಲೈ 8

ಅಕ್ಕಾ, ಇದು ನಮ್ಮ ಅಜ್ಜಿಗೂ ಗೊತ್ತಿತ್ತಂತೆ! ಅಮ್ಮನಿಗೆ ಓದಿ ಹೇಳಿದೆ. "ದುಡ್ಡು ಕೊಟ್ಟು ಹುಳ ತರಿಸುವ ಮೊದಲು ನನ್ನನ್ನು ಕೇಳಬಹುದಿತ್ತು" ಅಂದರು. ಉಪ್ಪಿನಕಾಯಿ ಡಬ್ಬಿಯ ಸಿಟ್ಟೂ ಅದರಲ್ಲಿ ಸೇರಿತ್ತು.

ಮನೆಯಲ್ಲಿ ಮೊಟ್ಟೆ ಒಳಗೆ ತರುವಂತಿಲ್ಲ. ಆದರೆ ಹುಳಕ್ಕೆ ಯಾರೂ ಏನೂ ಅನ್ನಲಿಲ್ಲ. ಆ ನ್ಯಾಯ ನನಗೆ ಇನ್ನೂ ಅರ್ಥ ಆಗಿಲ್ಲ.

ಸಾಗರ_ತುಡುವೆ · ಜುಲೈ 10

ಜೇನು ಸಾಕುವವರ ಕಡೆಯಿಂದ ಒಂದು ಮಾತು. ಮಳೆಗಾಲದಲ್ಲಿ ತುಡುವೆ ಪೆಟ್ಟಿಗೆಯ ಕುಟುಂಬ ಸೋತರೆ ಮೇಣದ ಪತಂಗ ನುಗ್ಗುತ್ತದೆ. ಹಳೇ ಎರಿಯಲ್ಲಿ ಬಲೆ ಕಟ್ಟಿಕೊಂಡು ನೂರಾರು ಹುಳ. ನಾವು ಎರಿ ಸಮೇತ ಬೆಂಕಿಗೆ ಹಾಕುತ್ತಿದ್ದೆವು. ಪಕ್ಕದ ಮನೆ ಹುಡುಗ ಅದನ್ನು ತನ್ನ ಸ್ಟಾರ್ ಫಿಂಚ್‌ಗೆ ಕೇಳಿಕೊಂಡು ಹೋಗುತ್ತಾನೆ. ಬೆಳ್ಳಗೆ, ಮೆತ್ತಗೆ, ಸಿಪ್ಪೆ ಗಟ್ಟಿಯಿಲ್ಲ. ಒಂದು ಸೆಂಟಿಮೀಟರ್ ಒಳಗಿನದ್ದನ್ನು ಆರಿಸಿ ಕೊಡುತ್ತಾನೆ, ಪೂರ್ತಿ ಬೆಳೆದದ್ದು ಎರಡೂವರೆ ಸೆಂಟಿಮೀಟರ್ ಆಗುತ್ತದೆ, ಫಿಂಚ್‌ಗೆ ದೊಡ್ಡದು.

ಭದ್ರಾವತಿ_ಫಿಂಚ್ · ಜುಲೈ 10

ಚೆನ್ನಾಗಿದೆ, ಆದರೆ ಅದು ಕೊಬ್ಬಿನ ಉಂಡೆ. ದಿನಾ ಕೊಡೋದಲ್ಲ. ಹಕ್ಕಿಗೆ ಒಂದು, ಹೆಚ್ಚೆಂದರೆ ಎರಡು.

ಒಂದು ಪ್ರಶ್ನೆ ಸರ್. ನೀವು ಆ ಹುಡುಗನಿಗೆ ಅದನ್ನು ಸಾಕಲು ಬಿಡುತ್ತೀರಾ? ಜೇನುಪೆಟ್ಟಿಗೆಯ ಪಕ್ಕದಲ್ಲಿ ಮೇಣದ ಪತಂಗ ಸಾಕೋದು ಅಂದರೆ ಹುಲ್ಲಿನ ಬಣವೆ ಪಕ್ಕದಲ್ಲಿ ಬೀಡಿ ಹಚ್ಚಿದ ಹಾಗೆ.

ಸಾಗರ_ತುಡುವೆ · ಜುಲೈ 10

ಬಿಡುವುದಿಲ್ಲ! ಅವನು ಡಬ್ಬಿಯಲ್ಲಿ ಹಾಕಿ ಒಯ್ದು, ಎರಡು ದಿನದಲ್ಲಿ ಮುಗಿಸುತ್ತಾನೆ. ಉಳಿದ ಎರಿಯನ್ನು ನಾನೇ ಸುಡುತ್ತೇನೆ. ಒಂದು ಸಲ ಅವನು ಡಬ್ಬಿ ಮರೆತಿದ್ದ. ಹುಳ ಪ್ಲಾಸ್ಟಿಕ್ ಕೊರೆದು ಹೊರಗೆ ಬಂದು ಗೋಡೆ ಕಪಾಟಿನಲ್ಲಿ ಗೂಡು ಕಟ್ಟಿದ್ದವು. ಅವತ್ತಿಂದ ಹುಷಾರು.

ಹೊಸಬ_ಸೊರಬ · ಜುಲೈ 13

ನನ್ನದೊಂದು ಸಂದೇಹ. ನಮ್ಮ ಗದ್ದೆ ಬದುವಿನಲ್ಲಿ ಕೆಂಪು ರಾಟವಾಳ ಗುಂಪುಗುಂಪಾಗಿ ಬರುತ್ತವೆ. ಕಾರ್ಡನ್ ಬ್ಲೂಗಿಂತ ಚೆಂದ. ಹಿಡಿದು ಸಾಕಿದರೆ ಅವಕ್ಕೂ ಹುಳ ಬೇಕಾ? ಹುಳಕ್ಕೆ ನಾನು ಬಟ್ಟೆ ಬಲೆ ಮಾಡಿಕೊಂಡು ಕಾಡಂಚಿನ ಹುಲ್ಲಿನಲ್ಲಿ ಬೀಸಿದರೆ ಮಿಡತೆ ಮರಿ, ಜೇಡ ಎಲ್ಲ ಬೇಕಾದಷ್ಟು ಸಿಗುತ್ತವೆ.

ಶಿಕಾರಿಪುರದವ · ಜುಲೈ 13

ರಾಟವಾಳ ಹಿಡಿಯೋ ಮಾತು ಬಿಟ್ಟುಬಿಡಿ ತಮ್ಮ. ನಮ್ಮ ದೇಶದ ಕಾಡುಹಕ್ಕಿ ಯಾವುದನ್ನೂ ಹಿಡಿಯುವ ಹಾಗಿಲ್ಲ, ಪಂಜರದಲ್ಲಿ ಇಡುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ರಾಟವಾಳ, ಗೀಜಗ, ಗಿಳಿ ಎಲ್ಲ ಅದರಲ್ಲಿ ಬಂತು. ಇಲ್ಲಿ ನಾವು ಮಾತಾಡುತ್ತಿರೋದು ಪಂಜರದಲ್ಲೇ ಹುಟ್ಟಿದ ಹೊರದೇಶದ ಹಕ್ಕಿಗಳ ಬಗ್ಗೆ. ಗದ್ದೆ ಬದುವಿನಲ್ಲಿ ಕೂತು ನೋಡಿ. ಅವು ಮರಿಗೆ ಏನು ಉಣಿಸುತ್ತವೆ ಅಂತ ಬರೆದು ಹಾಕಿ, ನಮಗೂ ಉಪಯೋಗ.

ಡೇರೆ_ಹೂವು · ಜುಲೈ 13

ಇನ್ನೊಂದು. ಈಗ ಮಳೆಯಲ್ಲಿ ಬಲೆ ಬೀಸಿದರೆ ಇಂಬಳ ಹತ್ತುತ್ತದೆ, ಅಷ್ಟೇ. ಆದರೆ ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಿಂದ ಮೇ ತನಕ ಕಾಡಂಚಿನ ತರಗೆಲೆಗೆ ಹುಳ ಅರಸಿಕೊಂಡು ಹೋಗಬೇಡಿ. ಮಂಗನ ಕಾಯಿಲೆ ಉಣುಗಿನಿಂದ ಬರೋದು. ನೀವು ಸೊರಬದವರು, ನಿಮಗೆ ಹೇಳಬೇಕಾ? 1957ರಲ್ಲಿ ಅದು ಮೊದಲು ಗೊತ್ತಾಗಿದ್ದೇ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಕ್ಕಿಗೆ ನಾಲ್ಕು ಮಿಡತೆ ತರಲು ಹೋಗಿ ಆಸ್ಪತ್ರೆ ಸೇರುವ ಕೆಲಸ ಬೇಡ. ಮನೆ ಹತ್ತಿರದ ಹುಲ್ಲಿನಲ್ಲಿ ಬೀಸಿ.

ಅಡಿಕೆ ತೋಟದಲ್ಲೂ ಈಗ ಬೇಡ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಸಮಯ. ಕೆಳಗೆ ಬಿದ್ದ ಹನಿಯೆಲ್ಲ ಮೈಲುತುತ್ತ. ಆ ಹುಲ್ಲಿನ ಹುಳ ಹಕ್ಕಿಗೆ ಯಾಕೆ?

ಹೊಸಬ_ಸೊರಬ · ಜುಲೈ 14

ಸರಿ ಅಕ್ಕ. ರಾಟವಾಳ ವಿಷಯ ಗೊತ್ತಿರಲಿಲ್ಲ, ಸಾರಿ. ನಮ್ಮೂರ ಸಂತೆ ದಿನ ಒಬ್ಬ ಮಾರುತ್ತಿದ್ದ, ಹಾಗಾಗಿ ಪರವಾಗಿಲ್ಲ ಅಂದುಕೊಂಡಿದ್ದೆ.

ದನದ_ಡಾಕ್ಟ್ರು · ಜುಲೈ 16

ಓದುತ್ತಾ ಬಂದೆ. ಎಲ್ಲರೂ ಹುಳ ಬೆಳೆಸೋದು ಹೇಳಿದ್ದೀರಿ, ಹುಳಕ್ಕೆ ಏನು ತಿನ್ನಿಸಬೇಕು ಅಂತ ಯಾರೂ ಹೇಳಲಿಲ್ಲ. ಬರೀ ಬೂಸಾ ತಿಂದ ಮೀಲ್‌ವರ್ಮ್‌ನಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರ ಕಡಿಮೆ. ಮೊಟ್ಟೆ ಇಡುವ ಹೆಣ್ಣಿಗೆ ಅದನ್ನೇ ದಿನಾ ಕೊಟ್ಟರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದ ಥಂಡಿ ಸೇರಿದರೆ ಇನ್ನೂ ಕಷ್ಟ. ಹಕ್ಕಿ ಉಬ್ಬಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ ಅದೇ ಲಕ್ಷಣ. ಆ ಹಕ್ಕಿಯನ್ನು ಬೆಚ್ಚಗಿಡಬೇಕು, ತಡ ಮಾಡದೆ ಹಕ್ಕಿ ಗೊತ್ತಿರುವ ಡಾಕ್ಟರ ಹತ್ತಿರ ಒಯ್ಯಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ಲ. ಹೊಟ್ಟೆ ಒತ್ತಿ ಮೊಟ್ಟೆ ತೆಗೆಯಲು ಹೋಗಬೇಡಿ, ಒಳಗೆ ಒಡೆದರೆ ಹಕ್ಕಿ ಉಳಿಯುವುದಿಲ್ಲ.

ಅದಕ್ಕೆ ಕಡಲನೊರೆ (ಕಟ್ಲ್‌ಫಿಶ್‌ನ ಒಳಚಿಪ್ಪು, ಬರೀ ಕ್ಯಾಲ್ಸಿಯಂ) ಪಂಜರದಲ್ಲಿ ಯಾವಾಗಲೂ ತೂಗಿರಲಿ. ಶಿವಮೊಗ್ಗ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿ ನೋಡಿ, ಪೆಟ್ ಅಂಗಡಿಗಿಂತ ಅಗ್ಗ. ಕೊಡುವ ಹಿಂದಿನ ದಿನ ಹುಳಗಳನ್ನು ಬೇರೆ ಬಟ್ಟಲಿಗೆ ಹಾಕಿ, ಬೂಸಾಕ್ಕೆ ಕಡಲನೊರೆ ಪುಡಿ ಬೆರೆಸಿ ತಿನ್ನಿಸಿ. ಹುಳದ ಹೊಟ್ಟೆಯಲ್ಲಿ ಏನಿದೆಯೋ ಅದೇ ಹಕ್ಕಿಗೂ.

ಫಿಂಚ್‌ಗೆ ಕೊಡುವಾಗ ಸಿಪ್ಪೆ ಕಳಚಿದ ಬಿಳಿ ಹುಳ ಆರಿಸಿ. ಅದು ಮೆತ್ತಗಿರುತ್ತದೆ, ಮರಿಗೆ ಅರಗುತ್ತದೆ. ಕಂದು ಬಣ್ಣದ್ದಾದರೆ ಒಂದು ಸೆಂಟಿಮೀಟರ್ ಒಳಗಿನದ್ದು ಮಾತ್ರ.

ಮಾಂಸ ಕೊಳೆಸಿ ನೊಣದ ಹುಳ ಮಾಡುವ ವಿಡಿಯೋ ಓಡಾಡುತ್ತಿದೆ. ಅದನ್ನು ಮಾಡಬೇಡಿ. ಕೊಳೆತ ಮಾಂಸದಲ್ಲಿ ಬಾಟ್ಯುಲಿಸಂ ವಿಷ ಹುಟ್ಟುತ್ತದೆ. ಹುಳಕ್ಕೆ ಏನೂ ಆಗುವುದಿಲ್ಲ, ತಿಂದ ಹಕ್ಕಿಗೆ ಕುತ್ತಿಗೆ ಜೋತುಬಿದ್ದು ಲಕ್ವ ಹೊಡೆಯುತ್ತದೆ.

ಬೂಸಾ ಅಂತ ಹಸುವಿನ ಫೀಡ್ ಹಾಕುವವರೂ ಇದ್ದಾರೆ. ಅದರಲ್ಲಿ ಉಪ್ಪು ಇರುತ್ತದೆ, ಕೆಲವದರಲ್ಲಿ ಯೂರಿಯಾ. ಬರೀ ಗೋಧಿ ಬೂಸಾ ಕೇಳಿ ತನ್ನಿ.

ಹುಳಪ್ಪ · ಜುಲೈ 16

ಡಾಕ್ಟ್ರೇ, ನಮ್ಮ ಮನೆ ಹಲಸಿನ ಹಣ್ಣಿನ ರಚ್ಚೆ ಮೇಲೆ ಕೂರುವ ಹಣ್ಣುನೊಣ ಆಗುತ್ತಾ? ಅದು ಬಿಟ್ಟಿ.

ದನದ_ಡಾಕ್ಟ್ರು · ಜುಲೈ 16

ಧಾರಾಳವಾಗಿ. ಬಾಳೆಹಣ್ಣು, ಹಲಸಿನ ರಚ್ಚೆ ಒಂದು ಬಾಟಲಿಯಲ್ಲಿ ಹಾಕಿ ಎರಡು ದಿನ ಹೊರಗಿಡಿ. ನೊಣ ಮೊಟ್ಟೆ ಇಟ್ಟ ಮೇಲೆ ಬಾಯಿಗೆ ಹಕ್ಕಿ ಕೊಕ್ಕು ತೂರದಷ್ಟು, ನೊಣ ಹೊರಬರುವಷ್ಟು ಸಂದಿನ ಜಾಲರಿ ಕಟ್ಟಿ ಪಂಜರದೊಳಗೆ ತೂಗಿಹಾಕಿ. 25 ಡಿಗ್ರಿ ಇದ್ದರೆ ಹತ್ತು-ಹನ್ನೆರಡು ದಿನಕ್ಕೆ ಹೊಸ ನೊಣ ಏಳುತ್ತವೆ. ಕೊಳೆತ ಹಣ್ಣಿಗೆ ಹಕ್ಕಿ ಬಾಯಿ ಹಾಕಬಾರದು, ಅಷ್ಟು ನೋಡಿಕೊಳ್ಳಿ. ಮರಿ ಹುಟ್ಟಿದ ಮೊದಲ ಮೂರು ದಿನಕ್ಕೆ ಇದಕ್ಕಿಂತ ಸಣ್ಣ, ಮೆತ್ತಗಿನ ಆಹಾರ ಇಲ್ಲ.

ಗುಬ್ಬಿಗೂಡು_ತೀರ್ಥಹಳ್ಳಿ · ಆಗಸ್ಟ್ 19

ಎಲ್ಲರೂ ಹೇಳಿದ್ದನ್ನು ಮಾಡಿದೆ. ಏನಾಯಿತು ಅಂತ ಬರೆಯುತ್ತೇನೆ.

ಜರಡಿ ಹಿಡಿದಾಗ ಉಳಿದದ್ದು 140 ಹುಳ. ಅಗಲ ಟಬ್, ಹುರಿದ ಬೂಸಾ, ಮೇಲೆ ಜಾಲರಿ. ತರಕಾರಿ ಬಂದ್. ಎರಡು ವಾರ ಬೂಷ್ಟು ಬರಲಿಲ್ಲ. ಆದರೆ ಹುಳ ಬೆಳೆಯಲೂ ಇಲ್ಲ. ಇದ್ದ ಹಾಗೇ ಇದ್ದವು. ಥರ್ಮಾಮೀಟರ್ ಇಟ್ಟು ನೋಡಿದರೆ ಕೋಣೆಯಲ್ಲಿ 21 ಡಿಗ್ರಿ. ಬಲ್ಬ್ ಹಾಕಿದೆ. ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ, ಮರ ಬಿದ್ದರೆ ಮೂರು ದಿನ ಬರುವುದಿಲ್ಲ. ಬಲ್ಬ್ ಆಟ ನಡೆಯಲಿಲ್ಲ.

ದಾರಿ ತೋರಿಸಿದ್ದು ಅಮ್ಮ. ಬಚ್ಚಲ ಒಲೆ ಹಿಂದಿನ ಗೋಡೆಯ ಮೇಲೊಂದು ಹಲಗೆ ಇದೆ. ಅಜ್ಜಿ ಕಾಲದಿಂದ ಸೌತೆ, ಹೀರೆ ಬೀಜ, ಬೆಂಕಿಪೊಟ್ಟಣ ಇಡುವ ಜಾಗ. ಎಂಥ ಮಳೆಯಲ್ಲೂ ಅಲ್ಲಿ ಬೆಂಕಿಕಡ್ಡಿ ಮೆತ್ತಗಾಗುವುದಿಲ್ಲ. "ಬೀಜ ಮುಗ್ಗದ ಜಾಗದಲ್ಲಿ ನಿನ್ನ ಹುಳ ಮುಗ್ಗುತ್ತದಾ?" ಅಂದರು. ಟಬ್ ಅಲ್ಲಿಗೆ ಏರಿಸಿದೆ. ಬೆಳಿಗ್ಗೆ ಹಂಡೆಗೆ ಉರಿ ಹಾಕಿದರೆ ಸಂಜೆವರೆಗೂ ಗೋಡೆ ಬೆಚ್ಚಗೆ. ಮಧ್ಯಾಹ್ನ ಅಳೆದರೆ 28, ರಾತ್ರಿ 25. ಹೊಗೆ ಮಾಡಿನಿಂದ ಹೋಗುತ್ತದೆ, ಹಕ್ಕಿ ಇರೋದು ಮನೆಯ ಇನ್ನೊಂದು ಕೊನೆಗೆ. ಹಾಗಾಗಿ ಹಕ್ಕಿಗೆ ಹೊಗೆಯ ಭಯ ಇಲ್ಲ. ಅಲ್ಲಿ ಗಾಳಿ ಒಣ ಇರುವುದರಿಂದ ಕ್ಯಾರೆಟ್ ಬಿಲ್ಲೆ ಮತ್ತೆ ಶುರು ಮಾಡಿದ್ದೇನೆ.

ಹತ್ತೇ ದಿನದಲ್ಲಿ ಹುಳ ಕೋಶಕ್ಕೆ ಹೋದವು. ಈಗ 60 ದುಂಬಿ ಇವೆ.

ಇರುವೆ ಒಂದೇ ಕಾಟ. ಹಲಗೆಯ ಮೇಲೆ ನೀರು ತುಂಬಿದ ತಟ್ಟೆ, ಅದರ ನಡುವೆ ಟಬ್ ಇಟ್ಟಿದ್ದೇನೆ. ತುಪ್ಪದ ಪಾತ್ರೆಗೆ ಮಾಡುವ ಹಾಗೆ.

ಭದ್ರಾವತಿ_ಫಿಂಚ್ · ಆಗಸ್ಟ್ 19

ಬಚ್ಚಲ ಒಲೆ! ಹನ್ನೆರಡು ವರ್ಷದಲ್ಲಿ ನನಗೆ ಇದು ಹೊಳೆದಿಲ್ಲ. ನಮ್ಮದು ಕ್ವಾರ್ಟರ್ಸ್ ಮನೆ, ಗೀಸರ್ ಅಷ್ಟೇ. ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ.

ಈಗ ಮುಖ್ಯ ಕೆಲಸ. ದುಂಬಿಗಳನ್ನು ಹುಳದ ಜೊತೆ ಬಿಡಬೇಡಿ, ಅವು ತಮ್ಮ ಮೊಟ್ಟೆಯನ್ನೂ ಕೋಶವನ್ನೂ ತಿನ್ನುತ್ತವೆ. ಬೇರೆ ಟಬ್‌ಗೆ ಹಾಕಿ. ಎರಡು ವಾರಕ್ಕೊಮ್ಮೆ ದುಂಬಿಗಳನ್ನು ಮಾತ್ರ ಆರಿಸಿ ಹೊಸ ಬೂಸಾಕ್ಕೆ ದಾಟಿಸಿ. ಹಳೇ ಬೂಸಾದಲ್ಲಿ ಮೊಟ್ಟೆ ಇರುತ್ತದೆ, ಕಣ್ಣಿಗೆ ಕಾಣಿಸದು, ಚೆಲ್ಲಬೇಡಿ. ಹಾಗೇ ಒಂದು ಬದಿಗಿಡಿ. ಒಂದೆರಡು ವಾರ ಬಿಟ್ಟು ಬೂಸಾ ತಾನಾಗಿ ಅಲ್ಲಾಡಲು ಶುರುವಾಗುತ್ತದೆ. ಈ ಸಲ ಅದು ನುಸಿ ಅಲ್ಲ, ಖುಷಿಪಡಿ. ದುಂಬಿ ಎರಡು-ಮೂರು ತಿಂಗಳು ಬದುಕುತ್ತದೆ, ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಫಿಂಚ್ ಅಳತೆಯ ಹುಳ ಆಗಲು ನನ್ನಲ್ಲಿ ಆರೇಳು ವಾರ ಬೇಕು.

ಡೇರೆ_ಹೂವು · ಆಗಸ್ಟ್ 20

ಜರಡಿ ಕೆಳಗೆ ಬೀಳುವ ಹುಡಿ ಚೆಲ್ಲಬೇಡಿ. ಹುಳದ ಹಿಕ್ಕೆ ಅದು, ಒಳ್ಳೇ ಗೊಬ್ಬರ. ನನ್ನ ಡೇರೆ ಗಿಡಕ್ಕೆ ಹಾಕಿದ್ದೇನೆ, ಈ ಸಲದ ಹೂವು ಊಟದ ತಟ್ಟೆಯಷ್ಟು ಆಗಿದೆ. ನನಗೆ ಹಕ್ಕಿಗಿಂತ ಅದೇ ಲಾಭ.

ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೊದಲ ವರ್ಷ ನಾನು ಹಾಗೇ ಮಾಡಿ ತಿಂಗಳಿಡೀ ಸೀನು, ಕಣ್ಣುರಿ. ಮಳೆಗಾಲದ ಶೀತ ಅಂದುಕೊಂಡು ಕಷಾಯ ಕುಡಿದಿದ್ದೇ ಕುಡಿದಿದ್ದು. ಹುಳದ ಧೂಳು ಆಗದವರಿಗೆ ಉಬ್ಬಸವೂ ಬರುತ್ತದೆ.

ಗುಬ್ಬಿಗೂಡು_ತೀರ್ಥಹಳ್ಳಿ · ಅಕ್ಟೋಬರ್ 4

ಕಾರ್ಡನ್ ಬ್ಲೂ ಮತ್ತೆ ಮೊಟ್ಟೆ ಇಟ್ಟಿದೆ, ಐದು. ನಿನ್ನೆ ನಾಲ್ಕು ಒಡೆದವು. ಕೈ ನಡುಗುತ್ತಿದೆ.

ಮಡಕೆ ಎರಡು ಕಡೆ ಕವುಚಿದ್ದೇನೆ. ಹಲಸು ಮುಗಿದಿದೆ, ಬಾಳೆಹಣ್ಣಿನ ಬಾಟಲಿ ತೂಗಿದೆ. ಸಣ್ಣ ಮೀಲ್‌ವರ್ಮ್ ಬಿಳಿಯದ್ದು ಆರಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಎಷ್ಟು ಕೊಡಲಿ?

ಭದ್ರಾವತಿ_ಫಿಂಚ್ · ಅಕ್ಟೋಬರ್ 4

ಮರಿ ಇಲ್ಲದಾಗ ಹಕ್ಕಿಗೆ ಎರಡು-ಮೂರು ಸಾಕು. ಮರಿ ಇದ್ದಾಗ ಲೆಕ್ಕ ಬೇಡ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ನಾಲ್ಕೈದು ಸಲ. ಬಟ್ಟಲು ಖಾಲಿಯಾಗಿ ತುಂಬ ಹೊತ್ತು ಇರಬಾರದು. ಮೊದಲ ನಾಲ್ಕು ದಿನ ಒರಲೆಯನ್ನೇ ಮುಂದೆ ಮಾಡಿ. ಗೂಡಿನೊಳಗೆ ಇಣುಕಬೇಡಿ. ಮೊಬೈಲ್ ಬೆಳಕು ಹಾಕಿ ಫೋಟೋ ತೆಗೆದು ಇಲ್ಲಿ ಹಾಕಿದರೆ ಬೈಯುತ್ತೇನೆ.

ಗುಬ್ಬಿಗೂಡು_ತೀರ್ಥಹಳ್ಳಿ · ಅಕ್ಟೋಬರ್ 7

ನಾಲ್ಕನೇ ದಿನ. ನೆಲದ ಮೇಲೆ ಒಂದು ಮರಿ ಬಿದ್ದಿತ್ತು. ಉಳಿದವು ಗೂಡಿನಲ್ಲಿ ಕೂಗುತ್ತಿವೆ, ಕೇಳಿಸುತ್ತಿದೆ. ಇಣುಕಿಲ್ಲ.

ಡೇರೆ_ಹೂವು · ಅಕ್ಟೋಬರ್ 7

ಕೂಗು ಕೇಳಿಸುತ್ತಿದ್ದರೆ ಉಣ್ಣುತ್ತಿವೆ ಅಂತ ಅರ್ಥ. ಬಿದ್ದದ್ದು ಸೋತ ಮರಿ ಇರಬಹುದು. ನೀವು ಊಟ ಮಾಡಿ ಮೊದಲು.

ಗುಬ್ಬಿಗೂಡು_ತೀರ್ಥಹಳ್ಳಿ · ಅಕ್ಟೋಬರ್ 23

ಮೂರು ಮರಿ ಗೂಡಿನಿಂದ ಹೊರಗೆ ಬಂದಿವೆ! ಒಂದು ಹಾರಲು ಹೋಗಿ ನೀರಿನ ಬಟ್ಟಲಿಗೆ ಬಿತ್ತು, ತೆಗೆದು ಒರೆಸಿ ಕೂರಿಸಿದೆ. ನೀಲಿ ಬಣ್ಣ ಇನ್ನೂ ಮಸುಕು. ಗಂಡುಹಕ್ಕಿ ಮರಿಗಳ ಹಿಂದೆ ಹಿಂದೆ ಓಡಾಡಿ ಉಣಿಸುತ್ತಿದೆ. ಅದೇ ಹಕ್ಕಿ, ಮೇ ತಿಂಗಳಲ್ಲಿ ಮರಿ ಎಸೆದದ್ದು.

ಶಿಕಾರಿಪುರದವ · ಅಕ್ಟೋಬರ್ 23

ಮಳೆನಾಡಿನಲ್ಲಿ ಕಾರ್ಡನ್ ಬ್ಲೂ ತಪ್ಪು ಅಂದಿದ್ದೆ. ಆ ಮಾತು ವಾಪಸ್. ಬಚ್ಚಲ ಒಲೆ ಇಲ್ಲದವರಿಗೆ ಮಾತ್ರ ಈಗಲೂ ಅದೇ ಹೇಳುತ್ತೇನೆ.

ಹೊಸಬ_ಸೊರಬ · ನವೆಂಬರ್ 2

ಅಣ್ಣ, ನಾನು ಎರಡು ಜೊತೆ ಸ್ಟಾರ್ ಫಿಂಚ್ ತಂದೆ, ಪಂಜರದಲ್ಲಿ ಹುಟ್ಟಿದ್ದೇ, ಕೇಳಿಯೇ ತಂದಿದ್ದು. ದುಂಬಿ ಒಂದು ಇಪ್ಪತ್ತು ಕೊಡ್ತೀರಾ? ನಮ್ಮನೆಯಲ್ಲೂ ಬಚ್ಚಲ ಒಲೆ ಇದೆ. ರಾಟವಾಳದ ಬಗ್ಗೆ ಬರೆಯಲು ಹೇಳಿದ್ದರಲ್ಲ, ಬದುವಿನಲ್ಲಿ ಕೂತು ನೋಡಿದೆ. ಹುಲ್ಲಿನ ತೆನೆ ಹಿಡಿದು ಜೋತಾಡುತ್ತಾ ಎಳೆ ಬೀಜ ಕೀಳುತ್ತವೆ. ಗೂಡು ಎಲ್ಲಿದೆ ಅಂತ ಸಿಗಲಿಲ್ಲ, ಹುಡುಕೋದು ಬಿಟ್ಟೆ.

ಗುಬ್ಬಿಗೂಡು_ತೀರ್ಥಹಳ್ಳಿ · ನವೆಂಬರ್ 2

ಇಪ್ಪತ್ತೇನು, ಐವತ್ತು ಕೊಡುತ್ತೇನೆ. ಭಾನುವಾರ ಶಿವಮೊಗ್ಗಕ್ಕೆ ಬರುವುದಿದೆ, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ಸಿಗಿ. ಹುರಿದ ಬೂಸಾ ಸಮೇತ ಬಟ್ಟೆ ಚೀಲದಲ್ಲಿ ತರುತ್ತೇನೆ. ಡಬ್ಬಿ ನೀವೇ ತನ್ನಿ. ನಮ್ಮನೆಯಿಂದ ಇನ್ನೊಂದು ಉಪ್ಪಿನಕಾಯಿ ಡಬ್ಬಿ ಹೊರಗೆ ಹೋದರೆ ಅಮ್ಮ ನನ್ನನ್ನು ಒಳಗೆ ಬಿಡುವುದಿಲ್ಲ.